ತಂತಿವಾದ್ಯಗಳೂ ಅವುಗಳ ಮರವೂ

ವಿಜಯಪುರದ ಕೀರ್ತಿಯು ಕಲ್ಲಿನ ಕೀರ್ತಿಯೆಂಬುದು ಲೋಕವಿದಿತವಾದ ಮಾತು. ಮಹಮ್ಮದ ಆದಿಲಶಹನ (೧೬೨೭–೧೬೫೬) ಗೋಲಗುಮ್ಮಟವನ್ನೇರಿ ಒಂದು ಗೋಡೆಯ ಬಳಿ ಪಿಸುನುಡಿದರೆ, ಆಚೆಯ ಗೋಡೆಗೆ ಕಿವಿಗೊಟ್ಟವನಿಗೆ ಅದು ಸ್ಪಷ್ಟವಾಗಿ ಕೇಳಿಸುವದು. ಒಮ್ಮೆ ಚಪ್ಪಾಳೆ ತಟ್ಟಿದರೆ ಹಲವು ಸಲ ಮರುದನಿಯಾಗಿ ಹಿಂದಿರುಗುವದು. ಆದರೆ ಆ ಮಹಮ್ಮದನ ತಂದೆಯಾದ ಎರಡನೆಯ ಇಬ್ರಾಹಿಮ ಆದಿಲಶಹನು (೧೫೮೦–೧೬೨೭) ಪ್ರಾಣಕ್ಕೆ ಸಮಾನವಾಗಿ ಪ್ರೀತಿಸಿದ ವಸ್ತುವು ಮರದ ತಂಬೂರು. ಅದಕ್ಕೆ ಅವನು 'ಮೋತಿಖಾನ'ನೆಂದು ಹೆಸರಿಟ್ಟಿದ್ದನು. 'ಕಿತಾಬ್-ಎ-ನವರಸ' ಎಂಬ ತನ್ನ ದಖನೀ ಗೀತಗ್ರಂಥದಲ್ಲಿ, ಪಟ್ಟದಾನೆಯಾದ ಆತಶಖಾನ ಹಾಗೂ ರಾಣಿ ಚಾಂದಸುಲ್ತಾನರೊಡನೆ ಈ ತಂಬೂರಿಗೂ ಅವನು ಸ್ಥಾನ ಕೊಟ್ಟಿದ್ದಾನೆ. ತಂಬೂರನ್ನು ನುಡಿಸುತ್ತ ಕುಳಿತ ಸುಲ್ತಾನನ ಚಿತ್ರವೊಂದನ್ನು ಫರ್ರುಖ ಬೇಗನೆಂಬ ಚಿತ್ರಕಾರನು ಬರೆದಿರುವನು. ಅದು ಇಂದು ಚೆಕ್ ದೇಶದ ಪ್ರಾಗ್ ನಗರದ ವಸ್ತುಸಂಗ್ರಹಾಲಯದಲ್ಲಿದೆ. ಕಲ್ಲು ತನಗೆ ಬಂದ ದನಿಯನ್ನು ಹಿಂದಿರುಗಿಸುವದು; ವಾದ್ಯದ ಮರವಾದರೋ ತಂತಿಯ ಸಣ್ಣ ಕಂಪನವನ್ನು ತಾನು ತುಂಬಿಕೊಂಡು ದೊಡ್ಡದಾಗಿ ನುಡಿಯುವದು. ಆ ಮರವನ್ನು ಆರಿಸುವ ವಿದ್ಯೆಯು ಈ ಸೀಮೆಯ ಇತಿಹಾಸದಲ್ಲಿ ಹೇಗೆ ಬೆಳೆದು ಬಂದಿತೆಂಬುದು ವಿಚಾರಯೋಗ್ಯವಾದ ವಿಷಯವಾಗಿದೆ.

ವಿಚಾರಯೋಗ್ಯವೆನ್ನಲು ಕಾರಣವುಂಟು. ಈ ಸೀಮೆಯು ಮರಗಳಿಗೆ ಹೆಸರಾದುದಲ್ಲ. ನಗರದಿಂದ ಪಶ್ಚಿಮಕ್ಕೆ ತೊರವಿಯನ್ನು ದಾಟಿ ತಿಕೋಟಾಕ್ಕೆ ಹೋಗುವ ದಾರಿಯಲ್ಲಾಗಲಿ, ನೈರುತ್ಯಕ್ಕೆ ಬಬಲೇಶ್ವರದ ಕಡೆಗೆ ಸಾಗುವ ದಾರಿಯಲ್ಲಾಗಲಿ, ಕಣ್ಣಿಗೆ ಬೀಳುವದು ಎರೆಭೂಮಿಯ ವಿಸ್ತಾರ, ಬಿಳಿಜೋಳದ ಹೊಲ, ಈಚಿನ ದಶಕಗಳಲ್ಲಿ ಹಬ್ಬಿದ ದ್ರಾಕ್ಷಿಯ ತೋಟ. ಡೋಣಿ ನದಿಯ ಬಯಲು ಬೆಳೆದರೆ ನಾಡಿಗೆಲ್ಲ ಜೋಳವೆಂಬ ಅರ್ಥದ ನಾಣ್ಣುಡಿ ಇಲ್ಲಿ ಬಳಕೆಯಲ್ಲಿದೆ. ಅಡವಿಯನ್ನು ಕುರಿತ ಅಂಥ ನಾಣ್ಣುಡಿ ಕೇಳಬರುವದಿಲ್ಲ. ವರುಷದ ಮಳೆಯು ೬೦೦ ಮಿಲಿಮೀಟರಿನ ಆಚೀಚೆ. ಅರಣ್ಯವೆಂದು ಗಣಿಸಿದ ನೆಲವು ಜಿಲ್ಲೆಯಲ್ಲಿ ನೂರಕ್ಕೆ ಒಂದು ಪಾಲೂ ಆಗುವದಿಲ್ಲ. ಜಾಲಿ, ಬೇವು, ಹುಣಸೆ, ಬನ್ನಿ ಇವೇ ಇಲ್ಲಿಯ ಪರಿಚಿತ ಮರಗಳು. ಇವು ನಿಷ್ಪ್ರಯೋಜಕವೆಂದಲ್ಲ. ಜಾಲಿಯಿಲ್ಲದಿದ್ದರೆ ಒಕ್ಕಲಿಗನ ರಂಟೆ ಕುಂಟೆಗಳಿಲ್ಲ, ಚಕ್ಕಡಿಯ ಗಾಲಿಯಿಲ್ಲ. ಆದರೆ ಏಟಿಗೆ ಜಗ್ಗದ, ಭಾರಕ್ಕೆ ಬಾಗದ ಜಾಲಿಯ ಹಲಗೆಯನ್ನು ವಾದ್ಯದ ಮುಖಕ್ಕೆ ಹೊದಿಸಿದರೆ ತಂತಿಯು ಅದನ್ನು ಅಲುಗಿಸಲಾರದು. ನಾದವು ಹುಟ್ಟುವ ಮೊದಲೇ ಅಡಗುವದು. ಗಟ್ಟಿಯಾದ ಮರವೇ ಒಳ್ಳೆಯ ಮರವೆಂಬ ಸಾಮಾನ್ಯ ಭಾವನೆಯು ಇಲ್ಲಿ ನಿಲ್ಲುವದಿಲ್ಲ. ವಾದ್ಯದ ಯಾವ ಅಂಗಕ್ಕೆ ಯಾವ ಕೆಲಸವೋ ಆ ಕೆಲಸಕ್ಕೆ ಒಪ್ಪುವ ಸ್ವಭಾವದ ಮರವೇ ಆ ಅಂಗಕ್ಕೆ ಉತ್ತಮವಾದದ್ದು. ಈ ತತ್ತ್ವವನ್ನು ಹಿಂದಿನವರು ಬಲ್ಲವರಾಗಿದ್ದರು.

ವಾದ್ಯವನ್ನು ಅಂಗಾಂಗವಾಗಿ ನೋಡುವ ದೃಷ್ಟಿಯು ಕನ್ನಡಿಗರಿಗೆ ಬಹು ಹಳೆಯದು. ಇದೇ ಜಿಲ್ಲೆಯ ಬಾಗೇವಾಡಿಯಲ್ಲಿ ಹುಟ್ಟಿ, ಮಂಗಳವೇಡೆ ಕಲ್ಯಾಣಗಳಲ್ಲಿ ಬಾಳಿದ ಬಸವಣ್ಣನವರು ತಮ್ಮ ಪ್ರಸಿದ್ಧ ವಚನವೊಂದರಲ್ಲಿ ದೇಹದ ಅವಯವಗಳಿಗೂ ವಾದ್ಯದ ಅವಯವಗಳಿಗೂ ಹೋಲಿಕೆಯನ್ನು ಮಾಡಿರುವರು. ದಂಡಿಗೆ, ಸೋರೆ, ತಂತಿ ಎಂಬ ಮೂರು ಶಬ್ದಗಳು ೧೨ನೆಯ ಶತಮಾನದ ಜನಕ್ಕೆ ವಿವರಣೆ ಬೇಡದಷ್ಟು ಪರಿಚಿತವಾಗಿದ್ದವೆಂಬುದು ಇದರಿಂದ ಸ್ಪಷ್ಟವಾಗುವದು. ಅಂದಿನ ವಾದ್ಯದಲ್ಲಿ ತಂತಿಯನ್ನು ಹೊರುವದು ದಂಡಿಗೆಯ ಕೆಲಸ, ನಾದವನ್ನು ಬೆಳೆಸುವದು ಸೋರೆಯ ಕೆಲಸ. ಏಕನಾದವನ್ನು ಹಿಡಿದು ತತ್ತ್ವಪದ ಹಾಡುವವರ ಕೈಯಲ್ಲಿ ಈ ರಚನೆಯು ಇಂದಿಗೂ ಉಳಿದಿದೆ.

ಮುಂದಿನ ಶತಮಾನದಲ್ಲಿ ಈ ವಿಷಯವು ಶಾಸ್ತ್ರವಾಗಿ ನಿಂತಿತು. ದೇವಗಿರಿಯ ಸೇವುಣ ಅರಸನಾದ ಸಿಂಘಣನ ಆಶ್ರಯದಲ್ಲಿ, ಕಾಶ್ಮೀರದಿಂದ ಬಂದ ಮನೆತನದ ಶಾರ್ಙ್ಗದೇವನು 'ಸಂಗೀತರತ್ನಾಕರ'ವನ್ನು ರಚಿಸಿದನು. ಆಗ ವಿಜಯಪುರದ ಸೀಮೆಯೂ ಸೇವುಣರ ರಾಜ್ಯಕ್ಕೆ ಸೇರಿದ್ದಿತು. ಆ ಗ್ರಂಥದ ಆರನೆಯದಾದ ವಾದ್ಯಾಧ್ಯಾಯದಲ್ಲಿ ಏಕತಂತ್ರೀ ವೀಣೆಯ ದಂಡಕ್ಕೆ ಖದಿರವನ್ನು, ಅರ್ಥಾತ್ ಕಗ್ಗಲಿಯನ್ನು ವಿಧಿಸಿದೆ. ಅದು ಗಂಟು, ಗಾಯ, ಸೀಳುಗಳಿಲ್ಲದೆ ದುಂಡಗೆ ನುಣುಪಾಗಿರಬೇಕೆಂದು ಹೇಳಿದೆ. ಮರ್ದಲಕ್ಕೆ ಬೀಜಕವನ್ನು, ಎಂದರೆ ನಮ್ಮ ಹೊನ್ನೆಯನ್ನು ಹೇಳಿದೆ. ಕೊಳಲಿಗಾದರೋ ಬಿದಿರು, ಖದಿರ, ಚಂದನ, ರಕ್ತಚಂದನ, ದಂತ, ಲೋಹ ಹೀಗೆ ಅನೇಕ ದ್ರವ್ಯಗಳಿಗೆ ಅನುಮತಿಯಿದೆ. ಈ ಭೇದದಲ್ಲಿ ಅರ್ಥವಡಗಿದೆ. ಕೊಳಲಿನಲ್ಲಿ ನುಡಿಯುವದು ಒಳಗಿನ ಗಾಳಿಯಾದುದರಿಂದ ಹೊರಗಿನ ದ್ರವ್ಯವು ಯಾವದಾದರೂ ನಡೆದೀತು. ವೀಣೆಯ ದಂಡವಾದರೋ ತಂತಿಯ ಎಳೆತವನ್ನು ಸಹಿಸಿ ನೆಟ್ಟಗೆ ನಿಲ್ಲಬೇಕು. ಅದಕ್ಕೆ ಖದಿರದಂಥ ದೃಢವಾದ ಮರವೇ ಸರಿ. ಖದಿರವು ಜಾಲಿಯ ಬಳಗಕ್ಕೆ ಸೇರಿದ್ದು, ಒಣನಾಡಿನಲ್ಲಿಯೂ ಬೆಳೆಯುವಂಥದ್ದು. ನಾದವನ್ನು ಬೆಳೆಸುವ ಹೊಣೆಯು ಸೋರೆಯ ಮೇಲಿದ್ದವರೆಗೆ ಬಯಲುಸೀಮೆಯ ಗಟ್ಟಿಮರವೂ ವಾದ್ಯಕ್ಕೆ ಸಲ್ಲುತ್ತಿದ್ದಿತು.

ಮರವನ್ನು ಕಡಿಯುವ ಮೊದಲು ನೋಡಬೇಕಾದ ಲಕ್ಷಣಗಳನ್ನು ಇನ್ನೂ ಹಿಂದೆಯೇ, ೬ನೆಯ ಶತಮಾನದಲ್ಲಿ, ವರಾಹಮಿಹಿರನು ಬೃಹತ್ಸಂಹಿತೆಯ ವನಸಂಪ್ರವೇಶಾಧ್ಯಾಯದಲ್ಲಿ ಹೇಳಿದ್ದಾನೆ. ಅಲ್ಲಿಯ ವಿಷಯವು ಪ್ರತಿಮೆಗೆ ಬೇಕಾದ ಮರ. ಸಿಡಿಲು ಬಡಿದುದು, ಗಾಳಿಗೆ ಮುರಿದುದು, ಆನೆ ತುಳಿದುದು, ಬಳ್ಳಿ ಸುತ್ತಿದುದು, ತಾನಾಗಿ ಒಣಗಿದುದು, ಗೂನಾದುದು ಇವೆಲ್ಲ ವರ್ಜ್ಯ. ಇದನ್ನು ಕೇವಲ ಶಕುನವೆಂದು ತಳ್ಳಿಹಾಕುವದು ಸರಿಯಾಗದು. ಸಿಡಿಲು ಗಾಳಿಗಳ ಹೊಡೆತಕ್ಕೆ ಸಿಕ್ಕ ಮರದ ಒಡಲಲ್ಲಿ ಕಣ್ಣಿಗೆ ಕಾಣದ ಸೀಳುಗಳಿರುತ್ತವೆ. ಬಾಗಿ ಬೆಳೆದ ಮರದಲ್ಲಿ ಒಂದು ಮಗ್ಗುಲಿನ ಎಳೆಗಳು ಬಿಗಿದು, ಇನ್ನೊಂದು ಮಗ್ಗುಲಿನವು ಸಡಿಲಾಗಿರುತ್ತವೆ. ಹಲಗೆಯಾಗಿ ಸೀಳಿದ ಮೇಲೆ ಅದು ತಿರುಚಿಕೊಳ್ಳದೆ ಇರದು. ಇಂದಿನ ಮರದ ಶಾಸ್ತ್ರವೂ ಇದನ್ನೇ ಹೇಳುತ್ತದೆ. ವಾದ್ಯಕ್ಕೆ ಮರ ಹುಡುಕುವವನು ನೆಟ್ಟಗೆ, ನಿಧಾನವಾಗಿ, ನೆಮ್ಮದಿಯಿಂದ ಬೆಳೆದ ಮರವನ್ನೇ ಹುಡುಕುವನು.

ಇಬ್ರಾಹಿಮನ ಕಾಲಕ್ಕೆ ವಾದ್ಯಗಳ ಲೋಕದಲ್ಲಿ ದೊಡ್ಡದೊಂದು ಮಾರ್ಪಾಡು ಆಗಿಹೋಗಿದ್ದಿತು. ಉದ್ದನೆಯ ಕೊರಳು, ಕೊರೆದು ಟೊಳ್ಳು ಮಾಡಿದ ಒಡಲು, ಒಡಲಿನ ಬಾಯಿಗೆ ಹೊದಿಸಿದ ತೆಳುವಾದ ಹಲಗೆ, ಹೀಗಿರುವ ತಂಬೂರಿನ ಜಾತಿಯು ಪಾರಸಿಕ ದೇಶದ ಕಡೆಯಿಂದ ಬಂದು ದಖ್ಖನ್ನಿನ ಆಸ್ಥಾನಗಳಲ್ಲಿ ನೆಲೆಯೂರಿದ್ದಿತು. ಈ ರಚನೆಯಲ್ಲಿ ಮರವು ತಂತಿಯನ್ನು ಹೊರುವದಷ್ಟೇ ಅಲ್ಲದೆ ತಾನೂ ಕಂಪಿಸಬೇಕು. ಆದುದರಿಂದ ಆಯ್ಕೆಯ ಅಳತೆಗೋಲೇ ಬದಲಾಯಿತು. ಭಾರವಾದ ಖದಿರದ ಸ್ಥಳದಲ್ಲಿ, ಹಗುರಾಗಿಯೂ ಬಿಗುವಾಗಿಯೂ ಇರುವ, ಉಳಿಗೆ ಸುಲಭವಾಗಿ ಒಳಗಾಗುವ ಮರವು ಬೇಕಾಯಿತು. ಅಂಥ ಮರಗಳು ಬಯಲುಸೀಮೆಯವಲ್ಲ; ಸಹ್ಯಾದ್ರಿಯ ಮಳೆನಾಡಿನವು.

ಸಹ್ಯಾದ್ರಿಯ ಮರವು ವಿಜಯಪುರಕ್ಕೆ ದುರ್ಲಭವಾಗಿರಲಿಲ್ಲ. ಆದಿಲಶಾಹಿ ರಾಜ್ಯವು ಪಶ್ಚಿಮದಲ್ಲಿ ಘಟ್ಟಗಳನ್ನಿಳಿದು ಕೊಂಕಣದ ದಾಭೋಳ ಬಂದರದವರೆಗೆ ಹಬ್ಬಿದ್ದಿತು. ಸುಮಾರು ೧೬೪೬ರಲ್ಲಿ ಕಟ್ಟಿದ ಅಸಾರ ಮಹಲಿನ ಮುಂಭಾಗವನ್ನು ಇಂದಿಗೂ ಎತ್ತಿ ಹಿಡಿದಿರುವವು ನಾಲ್ಕು ಭಾರಿ ಸಾಗವಾನಿ ಕಂಬಗಳು. ಅಂಥ ಸಾಗವಾನಿಯು ಈ ಎರೆಭೂಮಿಯಲ್ಲಿ ಬೆಳೆದುದಲ್ಲ. ಅಷ್ಟು ದೊಡ್ಡ ದಿಮ್ಮಿಗಳನ್ನು ತರಿಸಬಲ್ಲ ರಾಜಧಾನಿಗೆ ವಾದ್ಯದ ಹಲಗೆಯು ಹೊರೆಯಾಗುವಂತಿರಲಿಲ್ಲ. ೧೫೯೯ರಲ್ಲಿ ಇಬ್ರಾಹಿಮನು ತೊರವಿಯ ಬಳಿಯಲ್ಲಿ ನವರಸಪುರವೆಂಬ ಹೊಸ ನಗರವನ್ನು ಕಟ್ಟಿಸಲು ಆರಂಭಿಸಿದನು. ತಿಕೋಟಾದ ದಾರಿ ಹಿಡಿದವರಿಗೆ ಅದರ ಅವಶೇಷಗಳು ಇಂದಿಗೂ ಹತ್ತಿರದಲ್ಲೇ ಇರುವವು. ಗಣಪತಿಯನ್ನು ತಂದೆಯೆಂದೂ ಸರಸ್ವತಿಯನ್ನು ತಾಯಿಯೆಂದೂ ಹೇಳಿಕೊಂಡ ಆ ಅರಸನ ಕನಸಿನ ನಗರವು ೧೬೨೪ರಲ್ಲಿ ಮಲಿಕ ಅಂಬರನ ದಂಡಿಗೆ ತುತ್ತಾಯಿತು. ಉಳಿದ ಸಂಗೀತ ಮಹಲಿನಲ್ಲಿ ಕಲ್ಲಿನ ಕಮಾನು ಎದ್ದು ನಿಂತಿದೆ. ಅದಕ್ಕೆ ಮಾದರಿಯೆನಿಸಿದ, ೧೫೬೧ರ ಗಗನಮಹಲಿನಲ್ಲಿಯೂ ಸುಮಾರು ೬೦ ಅಡಿ ಅಗಲದ ನಡುಗಮಾನು ನಿಂತಿದೆ. ಆದರೆ ಅದರ ಮರದ ಮಾಳಿಗೆ ಇಲ್ಲವಾಗಿ ಎಷ್ಟೋ ಕಾಲ ಸಂದಿತು. ಮರದ ವಸ್ತುವು ಹೀಗೆ ಅಲ್ಪಾಯುವಾದುದರಿಂದ, ಮರದ ವಿದ್ಯೆಯು ಉಳಿಯಬೇಕಾದರೆ ಅದು ಮನುಷ್ಯರ ಕೈಯಿಂದ ಕೈಗೆ ನಡೆದು ಬರಬೇಕಾಗುವದು.

ಇದೇ ಕಾಲದಲ್ಲಿ ದಕ್ಷಿಣದಲ್ಲಿ ನಡೆದ ಕಾರ್ಯವನ್ನೂ ಇದರೊಡನೆ ಸೇರಿಸಿ ನೋಡಬೇಕು. ಇಬ್ರಾಹಿಮನ ಸಮಕಾಲೀನನಾದ ತಂಜಾವೂರಿನ ರಘುನಾಥ ನಾಯಕನ ಆಳಿಕೆಯಲ್ಲಿ ೨೪ ಮೆಟ್ಟುಗಳ ಸರಸ್ವತೀ ವೀಣೆಯು ಇಂದಿನ ರೂಪವನ್ನು ತಾಳಿತೆಂದು ಪರಂಪರೆಯು ಹೇಳುವದು. ಆ ವೀಣೆಗೆ ಆರಿಸಿದ ಮರವು ಹಲಸು. ಒಂದೇ ದಿಮ್ಮಿಯಲ್ಲಿ ಕೊಡವನ್ನೂ ದಂಡಿಯನ್ನೂ ಕೊರೆದು ತೆಗೆದ ಏಕಾಂಡ ವೀಣೆಯು ಅಲ್ಲಿ ಶ್ರೇಷ್ಠವೆನಿಸಿತು. ಹಲಸು ಮಳೆನಾಡಿನ ಹಿತ್ತಿಲ ಮರ. ಕಾವೇರಿಯ ಸೀಮೆಗೂ ಮೈಸೂರಿಗೂ ಸುಲಭವಾಗಿ ದೊರೆಯುವಂಥದ್ದು. ಭೀಮೆ ಡೋಣಿಗಳ ಸೀಮೆಗೆ ಹಲಸು ದೂರ, ಸೋರೆ ಹತ್ತಿರ. ಆದುದರಿಂದ ಉತ್ತರದ ಪದ್ಧತಿಯು ಒಡಲಿಗೆ ಸೋರೆಯನ್ನೇ ಉಳಿಸಿಕೊಂಡು, ಕೊರಳಿಗೂ ಮುಖದ ಹಲಗೆಗೂ ಮಾತ್ರ ಘಟ್ಟದ ಮರವನ್ನು ತರಿಸಿಕೊಂಡಿತು. ಎರಡು ಪದ್ಧತಿಗಳಲ್ಲಿ ಮೇಲು ಕೀಳೆಂಬುದಿಲ್ಲ. ಆಯಾ ನೆಲವು ಕೊಟ್ಟುದನ್ನು ಆಯಾ ಜನರು ಅರಿತು ಬಳಸಿದರು.

ಉತ್ತರದ ಈ ಪದ್ಧತಿಯು ಪೂರ್ಣತೆಗೆ ಬಂದುದು ಮಿರಜಿನಲ್ಲಿ. ವಿಜಯಪುರದಿಂದ ತಿಕೋಟಾ, ತೆಲಸಂಗ, ಅಥಣಿ, ಕಾಗವಾಡಗಳ ಮೇಲೆ ಹಾಯ್ದು ಹೋಗುವ ದಾರಿಯು ಮಿರಜಿಗೆ ಮುಟ್ಟುವದು. ಆದಿಲಶಾಹಿಗೆ ಸೇರಿದ್ದ ಆ ಊರು ಮುಂದೆ ಪಟವರ್ಧನ ಸಂಸ್ಥಾನಿಕರ ವಶವಾಯಿತು. ೧೯ನೆಯ ಶತಮಾನದ ಮಧ್ಯದಲ್ಲಿ ಅಲ್ಲಿಯ ಶಿಕಲಗಾರ ಮನೆತನದ ಫರೀದಸಾಹೇಬರು ವಾದ್ಯಗಳ ದುರಸ್ತಿಯಿಂದ ಆರಂಭಿಸಿ ವಾದ್ಯಗಳ ನಿರ್ಮಾಣಕ್ಕೆ ಕೈಹಾಕಿದರು. ಶಿಕಲಗಾರರೆಂದರೆ ಕತ್ತಿಗಳಿಗೆ ಸಾಣೆ ಹಿಡಿಯುವವರು. ಕತ್ತಿಗಳ ಕಾಲವು ಮುಗಿದ ಮೇಲೆ ಅದೇ ಕೈಗಳು ತಂತಿವಾದ್ಯಗಳಿಗೆ ತಿರುಗಿದವು. ಮುಂದೆ ಉಸ್ತಾದ ಅಬ್ದುಲ ಕರೀಮಖಾನರು (೧೮೭೨–೧೯೩೭) ಮಿರಜಿನಲ್ಲಿ ನೆಲೆಸಿದರು. ಅವರ ಶಿಷ್ಯರಾದ ಸವಾಯಿ ಗಂಧರ್ವರು (೧೮೮೬–೧೯೫೨), ಅವರ ಶಿಷ್ಯರಾದ ಗಂಗೂಬಾಯಿ ಹಾನಗಲ್ಲ (೧೯೧೩–೨೦೦೯) ಮತ್ತು ಭೀಮಸೇನ ಜೋಶಿ (೧೯೨೨–೨೦೧೧) ಇವರ ಪರಂಪರೆಯಲ್ಲಿ ತಂಬೂರಿಯ ಶ್ರುತಿಯ ಮೇಲಿನ ನಿಷ್ಠೆಯು ಎಂಥದೆಂಬುದನ್ನು ವಾಚಕರಿಗೆ ಹೇಳಬೇಕಾಗಿಲ್ಲ. ಇಂಥ ಕಿವಿಗಳ ಪರೀಕ್ಷೆಗೆ ನಿಲ್ಲಬೇಕಾದುದರಿಂದ ಮಿರಜಿನ ಕುಶಲಿಗಳ ಮರದ ಆಯ್ಕೆಯೂ ಸೂಕ್ಷ್ಮವಾಗುತ್ತ ಹೋಯಿತು. ೨೦೨೪ರಲ್ಲಿ ಮಿರಜಿನ ಸಿತಾರಿಗೂ ತಂಬೂರಿಗೂ ಭೌಗೋಳಿಕ ಸೂಚಿಯ ಮಾನ್ಯತೆಯು ದೊರೆತಿದೆ.

ಅವರು ಆರಿಸುವ ಮರಕ್ಕೆ 'ತುಣ' ಎಂದು ಹೆಸರು. ಅಮರಕೋಶದ ವನೌಷಧಿವರ್ಗದಲ್ಲಿ ತುನ್ನ, ನಂದೀವೃಕ್ಷ ಎಂಬ ಪರ್ಯಾಯಗಳಿರುವ ಮರವೇ ಇದು, ಕನ್ನಡದಲ್ಲಿ ಗಂಧಗರಿಗೆ. ಸಹ್ಯಾದ್ರಿಯ ಹಳ್ಳಗಳ ಪಕ್ಕದಲ್ಲಿ ಎತ್ತರವಾಗಿ ಬೆಳೆಯುವ ಈ ಮರದ ಒಳತಿರುಳು ಕೆಂಪು, ವಾಸನೆಯು ಹಿತಕರ, ಹುಳದ ಬಾಧೆ ಕಡಿಮೆ. ವಿಶೇಷವೇನೆಂದರೆ ಇದು ನಮ್ಮ ಬೇವಿನ ಕುಟುಂಬದ್ದೇ. ಪಶ್ಚಿಮ ದೇಶಗಳ ವಾದ್ಯಗಾರರು ಬಹುವಾಗಿ ಬಳಸುವ ಮಹಾಗನಿಯೂ ಅದೇ ಕುಟುಂಬಕ್ಕೆ ಸೇರಿದ್ದು. ತೂಕವನ್ನು ಹೋಲಿಸಿದರೆ ವಿಷಯವು ಇನ್ನೂ ಸ್ಪಷ್ಟವಾಗುವದು. ಒಂದು ಘನಮೀಟರು ಒಣಮರವನ್ನು ತೂಗಿದರೆ ಜಾಲಿಯು ಸುಮಾರು ೮೦೦ ಕಿಲೋಗ್ರಾಂ ಆದರೆ ಗಂಧಗರಿಗೆಯು ೪೫೦ರಿಂದ ೬೦೦ ಕಿಲೋಗ್ರಾಮಿನೊಳಗೆ ನಿಲ್ಲುವದು. ಹಗುರಾದ ಈ ಮರವನ್ನು ತಂಬೂರಿಯ ದಾಂಡಿಗೂ, ಸೋರೆಯ ಬಾಯಿಗೆ ಹೊದಿಸುವ ತಬಲಿಗೂ, ಎರಡನ್ನು ಕೂಡಿಸುವ ಗುಲುವಿಗೂ ಬಳಸುವರು. ಬಿರಡೆಗಳಿಗೆ ಮಾತ್ರ ಬೀಟೆಯಂಥ ಗಟ್ಟಿಮರವು ಬೇಕು. ಏಕೆಂದರೆ ಅಲ್ಲಿ ಬೇಕಾದುದು ಕಂಪನವಲ್ಲ, ಜಾರದ ಹಿಡಿತ.

ಸೋರೆಯ ವಿಷಯದಲ್ಲಿಯಾದರೋ ಈ ಒಣಸೀಮೆಯ ಪಾಲು ದೊಡ್ಡದು. ಮಿರಜಿನ ವಾದ್ಯಗಳಿಗೆ ಸೋರೆಯು ಬರುವದು ಪಂಢರಪುರ, ಮಂಗಳವೇಡೆಗಳ ಭೀಮಾತೀರದಿಂದ. ಅದೇ ಭೀಮೆಯು ಮುಂದೆ ಹರಿದು ವಿಜಯಪುರ ಜಿಲ್ಲೆಯ ಉತ್ತರದ ಎಲ್ಲೆಯಾಗುವಳು. ತಿನ್ನಲು ಬಾರದ ಈ ಸೋರೆಯು ಬಳ್ಳಿಯಲ್ಲಿಯೇ ಪೂರ್ತಿ ಬಲಿಯಬೇಕು. ಬಲಿತ ಮೇಲೆ ತಿಂಗಳುಗಟ್ಟಲೆ ಒಣಗಬೇಕು. ಅನಂತರ ಬಾಯಿಯನ್ನು ಕೊಯ್ದು, ನೀರಲ್ಲಿ ನೆನೆಯಿಸಿ, ಒಳಗಿನ ತಿರುಳನ್ನು ಕೆರೆದು, ಕಡ್ಡಿಗಳನ್ನು ಆನಿಸಿ ಆಕಾರಕ್ಕೆ ತಂದು ಮತ್ತೆ ಒಣಗಿಸುವರು. ಬಸವಣ್ಣನವರ ಕಾಲದ ಮಂಗಳವೇಡೆಯ ಸೋರೆಯು ಇಂದಿನ ಗಾಯಕನ ಬೆನ್ನ ಹಿಂದೆಯೂ ನುಡಿಯುತ್ತಿರುವದು.

ಇನ್ನು ಹಲಗೆಯನ್ನು ಪರೀಕ್ಷಿಸುವ ಕ್ರಮ. ಮೊದಲನೆಯದು ಎಳೆಯ ದಿಕ್ಕು. ಮರದೊಳಗೆ ನಾದದ ವೇಗವು ಎಳೆಯ ಉದ್ದಕ್ಕೆ ಬಹು ಹೆಚ್ಚು, ಅಡ್ಡಕ್ಕೆ ಬಹು ಕಡಿಮೆ. ಗಾಳಿಯಲ್ಲಿ ಒಂದು ಸೆಕೆಂಡಿಗೆ ಸುಮಾರು ೩೪೦ ಮೀಟರು ಸಾಗುವ ನಾದವು ಸ್ಪ್ರೂಸ್ ಎಂಬ ಮರದ ಉದ್ದಕ್ಕೆ ೫೦೦೦ ಮೀಟರಿಗೂ ಮಿಕ್ಕಿ ಸಾಗುವದು. ಅಡ್ಡಕ್ಕೆ ಅದರ ಕಾಲುಪಾಲಿನಷ್ಟು. ಆದುದರಿಂದ ಹಲಗೆಯ ಎಳೆಗಳು ತಂತಿಗಳ ದಿಕ್ಕಿನಲ್ಲಿಯೇ ನೇರವಾಗಿ ಓಡಬೇಕು. ನಡುವೆ ಗಂಟು ಬಂದರೆ ಅದು ಹರಿಯುವ ನೀರಿಗೆ ಬಂಡೆ ಅಡ್ಡ ಬಂದಂತೆ. ಎರಡನೆಯದು ಸೀಳುವ ಕ್ರಮ. ದಿಮ್ಮಿಯನ್ನು ನಡುತಿರುಳಿನಿಂದ ತೊಗಟೆಯ ಕಡೆಗೆ, ಹೋಳಿಗೆಯನ್ನು ನಾಲ್ಕು ಪಾಲು ಮಾಡಿದಂತೆ ಸೀಳಿ ಹಲಗೆ ತೆಗೆದರೆ, ವರುಷದ ಬಳೆಗಳು ಹಲಗೆಯ ಮುಖಕ್ಕೆ ಲಂಬವಾಗಿ ನಿಲ್ಲುವವು. ಒಣಗುವಾಗ ಮರವು 'ಬಳೆಗಳ ಸುತ್ತಿನ' ದಿಕ್ಕಿನಲ್ಲಿ ಕುಗ್ಗುವದು 'ತಿರುಳಿನಿಂದ ತೊಗಟೆಯ' ದಿಕ್ಕಿನಲ್ಲಿ ಕುಗ್ಗುವದರ ಸುಮಾರು ಇಮ್ಮಡಿ. ಆದುದರಿಂದ ಹೀಗೆ ಸೀಳಿದ ಹಲಗೆಯು ಡೊಂಕಾಗುವದು ಕಡಿಮೆ. ಮೂರನೆಯದು ಕಿವಿಯ ಪರೀಕ್ಷೆ. ಹಲಗೆಯ ಉದ್ದದಲ್ಲಿ ತುದಿಯಿಂದ ಐದನೆಯ ಒಂದು ಪಾಲಿಗಿಂತ ತುಸು ಒಳಗೆ ಎರಡು ಬೆರಳುಗಳಿಂದ ಸಡಿಲಾಗಿ ಹಿಡಿದು, ನಡುವೆ ಗೆಣ್ಣಿನಿಂದ ತಟ್ಟಬೇಕು. ಒಳ್ಳೆಯ ಹಲಗೆಯು ಸ್ಪಷ್ಟವಾದ ಒಂದು ಸ್ವರವನ್ನು ಕೊಟ್ಟು ಕೆಲಹೊತ್ತು ನಿಲ್ಲಿಸಿಕೊಳ್ಳುವದು. ಕೆಟ್ಟುದು 'ದಪ್' ಎಂದು ಸುಮ್ಮನಾಗುವದು.

ನಾಲ್ಕನೆಯದು, ಎಲ್ಲಕ್ಕೂ ಮುಖ್ಯವಾದದ್ದು, ಕಾಲ. ಒಂದು ಅಂಗುಲ ದಪ್ಪಕ್ಕೆ ಒಂದು ವರುಷದಂತೆ ನೆರಳುಗಾಳಿಯಲ್ಲಿ ಒಣಗಿಸಬೇಕೆಂಬುದು ಬಡಿಗರ ಹಳೆಯ ಲೆಕ್ಕ. ತುದಿಗಳು ಬೇಗ ಒಣಗಿ ಬಿರಿಯದಂತೆ ಅವುಗಳಿಗೆ ಮೇಣವನ್ನೋ ಬಣ್ಣವನ್ನೋ ಬಳಿಯುವರು. ಇಲ್ಲಿ ಒಣಸೀಮೆಯ ಹವೆಯು ವಾದ್ಯಗಾರನಿಗೆ ಸಹಾಯಕ. ಮರವು ತನ್ನ ಸುತ್ತಲಿನ ಹವೆಯ ತೇವವನ್ನು ಹೀರುತ್ತಲೂ ಬಿಡುತ್ತಲೂ ಇರುವದು. ಕಡಲತಡಿಯ ತೇವದಲ್ಲಿ ಅಂಟಿಸಿದ ವಾದ್ಯವನ್ನು ವಿಜಯಪುರದ ಬೇಸಿಗೆಗೆ ತಂದರೆ ಹಲಗೆಯು ಕುಗ್ಗಿ ಸೀಳುವ ಭಯವುಂಟು; ಒಣಹವೆಯಲ್ಲಿ ಹದವಾದ ಮರದ ವಾದ್ಯವನ್ನು ತೇವದ ಊರಿಗೆ ಒಯ್ದರೆ ಅದು ತುಸು ಉಬ್ಬೀತು, ಸೀಳುವದಿಲ್ಲ. ಹಳೆಯ ಮಾಳಿಗೆಮನೆಗಳನ್ನು ಕೆಡಹುವಾಗ ಬರುವ ತೊಲೆ ಜಂತಿಗಳನ್ನು ವಾದ್ಯಗಾರರು ಹುಡುಕಿಕೊಂಡು ಬರುವದರ ಗುಟ್ಟು ಇದೇ. ತಲೆಮಾರುಗಳ ಬಿಸಿಲು ಮಳೆಗಳನ್ನು ಕಂಡ ಆ ಮರವು ಇನ್ನು ಕುಗ್ಗಬೇಕಾದಷ್ಟು ಕುಗ್ಗಿ ಮುಗಿದಿರುವದು.

ಮರದ ಪಾತ್ರವು ಹೀಗಿದ್ದರೂ ವಾದ್ಯದ ನಾದವೆಲ್ಲ ಮರದ್ದೇ ಎಂದು ತಿಳಿಯಲಾಗದು. ೧೯೨೧ರಲ್ಲಿ ಸರ್ ಸಿ. ವಿ. ರಾಮನ್ನರು ನಮ್ಮ ತಂಬೂರಿ ವೀಣೆಗಳನ್ನು ಕುರಿತು ಪ್ರಕಟಿಸಿದ ಲೇಖನದಲ್ಲಿ, ಅವುಗಳ ಕುದುರೆಯ ಮೇಲ್ಮೈ ಅಗಲವಾಗಿ ತುಸು ಬಾಗಿರುವದರಿಂದ, ಬೇರೆ ವಾದ್ಯಗಳಲ್ಲಿ ಕೇಳಬಾರದ ಉಪಸ್ವರಗಳೂ ಇವುಗಳಲ್ಲಿ ಎದ್ದು ಕೇಳುವವೆಂದು ತೋರಿಸಿದರು. ಜವಾರಿಯೆಂಬ ಆ ಹದವು ಕುದುರೆಯದು. ಅದನ್ನು ಹೊತ್ತು ನಿಲ್ಲುವ ತಬಲಿಯು ಯೋಗ್ಯವಾಗಿದ್ದಾಗಲೇ ಆ ಹದವು ಫಲಿಸುವದು.

ಇದೇ ತತ್ತ್ವವು ಪರದೇಶದ ವಾದ್ಯಕ್ಕೂ ಸಲ್ಲುವದೆಂಬುದಕ್ಕೆ ಮ್ಯಾಂಡೊಲಿನ್ ಒಳ್ಳೆಯ ನಿದರ್ಶನ. ಇದು ಇಟಲಿಯ ವಾದ್ಯ. ೧೮ನೆಯ ಶತಮಾನದಲ್ಲಿ ನೇಪಲ್ಸ್ ನಗರದ ವಿನಾಚಿಯಾ ಮನೆತನದವರು ಇದಕ್ಕೆ ಪ್ರಸಿದ್ಧವಾದ ರೂಪವನ್ನು ಕೊಟ್ಟರು. ಎಂಟು ತಂತಿಗಳು, ಎರಡೆರಡು ಒಂದೇ ಸ್ವರಕ್ಕೆ, ಪಿಟೀಲಿನಂತೆಯೇ ಶ್ರುತಿ. ಹಿಂಭಾಗವು ತೆಳುವಾದ ಪಟ್ಟಿಗಳನ್ನು ಬಾಗಿಸಿ ಅಂಟಿಸಿದ ಬಟ್ಟಲು. ನೋಡಿದವರಿಗೆ ನಮ್ಮ ಸೋರೆಯ ನೆನಪಾಗದಿರದು. ಅಮೇರಿಕೆಯ ಆರ್ವಿಲ್ ಗಿಬ್ಸನ್ನನು ೧೮೯೮ರಲ್ಲಿ ಪೇಟೆಂಟು ಪಡೆದ ಕ್ರಮದಲ್ಲಿ ಬಟ್ಟಲನ್ನು ಬಿಟ್ಟು, ಪಿಟೀಲಿನಂತೆ ಮರವನ್ನು ಕೆತ್ತಿ ಉಬ್ಬಿಸುವ ಪದ್ಧತಿಯು ಬಂದಿತು. ೧೯೨೨ರಲ್ಲಿ ಲಾಯ್ಡ್ ಲೋರನು ಆ ಕಾರ್ಖಾನೆಯಲ್ಲಿ ರೂಪಿಸಿದ ಮಾದರಿಯು ಇಂದಿಗೂ ಪ್ರಮಾಣವಾಗಿದೆ. ಅದರ ಮುಖಕ್ಕೆ ಹಗುರಾದ ಸ್ಪ್ರೂಸ್, ಬೆನ್ನಿಗೂ ಪಕ್ಕಗಳಿಗೂ ಗಟ್ಟಿಯಾದ ಮೇಪಲ್, ಬೆರಳಾಡುವ ಪಟ್ಟಿಗೆ ಕರಿಮರ. ಒಂದೊಂದು ಅಂಗಕ್ಕೆ ಒಂದೊಂದು ಮರವೆಂಬ ಮಾತನ್ನು ಶಾರ್ಙ್ಗದೇವನಂತೆಯೇ ಅವರೂ ಕಂಡುಕೊಂಡರು. ಎಂಟು ಉಕ್ಕಿನ ತಂತಿಗಳು ಎಳೆಯುವ ಬಲವು ೭೦–೮೦ ಕಿಲೋಗ್ರಾಮಿನ ತೂಕಕ್ಕೆ ಸಮಾನ. ಅಷ್ಟನ್ನು ಸಹಿಸಿಯೂ ನಡುಗಬೇಕಾದ ಮುಖದ ಹಲಗೆಯ ದಪ್ಪವು ಕೆಲವೇ ಮಿಲಿಮೀಟರು.

ನಮ್ಮಲ್ಲಿ ಮ್ಯಾಂಡೊಲಿನ್ ಕಟ್ಟಬಯಸುವವನು ಈ ಅಂಗವಿಭಾಗವನ್ನು ಮುಂದಿಟ್ಟುಕೊಂಡು ಮರ ಹುಡುಕಿದರೆ ದಾರಿಯು ಕಾಣುವದು. ಸ್ಪ್ರೂಸಿನ ಒಂದು ಜಾತಿಯು ಪಶ್ಚಿಮ ಹಿಮಾಲಯದಲ್ಲಿ ಬೆಳೆಯುವದು. ಅದು ದೊರೆಯದಿದ್ದಲ್ಲಿ ನೇರವಾದ ಎಳೆಯ ಹಳೆಯ ಗಂಧಗರಿಗೆಯನ್ನು ತೆಗೆದುಕೊಳ್ಳಬಹುದು. ಆದರೆ ಸ್ಪ್ರೂಸಿನಷ್ಟು ಬಿಗುವಿಲ್ಲದ್ದರಿಂದ ಹಲಗೆಯನ್ನು ತುಸು ದಪ್ಪವಾಗಿ ಉಳಿಸಬೇಕು. ಕೊರಳಿಗೂ ಗಂಧಗರಿಗೆಯೇ ಸಾಕು. ಬೆನ್ನಿಗೆ ಬೀಟೆ; ಹಗುರಾಗಬೇಕೆಂದರೆ ವಾದ್ಯಕಾರ್ಯಕ್ಕೆ ಒಪ್ಪುವದೆಂದು ಹೆಸರಾದ ಶಿವನಿಯ ಮರ. ಬೆರಳಪಟ್ಟಿಗೂ ಕುದುರೆಗೂ ಬೀಟೆ ಇಲ್ಲವೆ ಕರಿಮರ. ಪಾಲಕೊಲ್ಲುವಿನಲ್ಲಿ ಹುಟ್ಟಿ ಕರ್ನಾಟಕ ಸಂಗೀತವನ್ನು ಮ್ಯಾಂಡೊಲಿನ್ನಿನಲ್ಲಿ ಲೋಕಕ್ಕೆ ಕೇಳಿಸಿದ ಯು. ಶ್ರೀನಿವಾಸರು (೧೯೬೯–೨೦೧೪) ಐದು ತಂತಿಗಳ ವಿದ್ಯುತ್ ಮ್ಯಾಂಡೊಲಿನ್ನನ್ನು ಬಳಸಿದರು. ಅಂಥದರಲ್ಲಿ ತಂತಿಯ ಕಂಪನವನ್ನು ಅಯಸ್ಕಾಂತವು ಹಿಡಿಯುವದರಿಂದ ಒಡಲು ಟೊಳ್ಳಾಗಿರಬೇಕಾಗಿಲ್ಲ. ತಂತಿಯನ್ನು ಅಲುಗದಂತೆ ಹೊರುವದೇ ಮರದ ಮುಖ್ಯ ಕಾರ್ಯ. ವೀಣೆಯ ಖದಿರದಂಡದ ಕೆಲಸಕ್ಕೆ ಮರವು ತಿರುಗಿ ಬಂದಂತಾಯಿತು.

ಇಂದು ಈ ವಿದ್ಯೆಯು ಎರಡು ಕಡೆಯಿಂದ ಒತ್ತಡಕ್ಕೆ ಸಿಕ್ಕಿದೆ. ಒಂದು, ಮರದ ಕೊರತೆ. ಬೀಟೆಯ ಕುಲದ ಮರಗಳೆಲ್ಲ ೨೦೧೭ರ ಜನೇವರಿಯಿಂದ ಅಂತರರಾಷ್ಟ್ರೀಯ ವ್ಯಾಪಾರನಿಯಂತ್ರಣಕ್ಕೆ ಒಳಪಟ್ಟವು; ಸಿದ್ಧವಾದ ವಾದ್ಯಗಳಿಗೆ ೨೦೧೯ರ ನವ್ಹೆಂಬರಿನಲ್ಲಿ ವಿನಾಯಿತಿ ದೊರೆಯಿತು. ನಿಯಂತ್ರಣವು ಅನ್ಯಾಯವಾದುದಲ್ಲ; ನೂರು ವರುಷ ಬೆಳೆದ ಮರವನ್ನು ಮೇಜುಕುರ್ಚಿಗಳಿಗೆ ಮುಗಿಸಿದ್ದರ ಫಲವದು. ಎರಡು, ವಾದ್ಯದ ಸ್ಥಾನವನ್ನು ಯಂತ್ರವು ಹಿಡಿದದ್ದು. ೧೯೭೦ರ ದಶಕದ ಕೊನೆಗೆ ಬೆಂಗಳೂರಿನಲ್ಲಿ ವಿದ್ಯುತ್ ತಂಬೂರಿಯು ಸಿದ್ಧವಾಯಿತು. ಈಗ ಮೊಬೈಲಿನಲ್ಲಿಯೇ ತಂಬೂರಿಯು ನುಡಿಯುವದು. ಏಕಾಂತದಲ್ಲಿ ಅಭ್ಯಾಸ ಮಾಡುವ ಬಡ ವಿದ್ಯಾರ್ಥಿಗೆ ಅದು ಉಪಕಾರಿ ಎಂಬುದನ್ನು ಒಪ್ಪಬೇಕು. ಆದರೆ ಪ್ರತಿಯೊಂದು ಮನೆಯೂ ಅಷ್ಟಕ್ಕೇ ತೃಪ್ತಿಪಟ್ಟರೆ, ಭೀಮಾತೀರದ ಒಕ್ಕಲಿಗನು ತಿನ್ನಲು ಬಾರದ ಸೋರೆಯನ್ನು ಬೆಳೆಯಲು ಕಾರಣವುಳಿಯುವದಿಲ್ಲ. ಹಲಗೆಯನ್ನು ತಟ್ಟಿ ಕೇಳುವ ಕಿವಿಯನ್ನು ಕುಶಲಿಯು ಮಗನಿಗೆ ಕೊಟ್ಟುಹೋಗಲು ಕಾರಣವುಳಿಯುವದಿಲ್ಲ. ಒಂದು ತಲೆಮಾರು ಬಿಟ್ಟುಹೋದರೆ ಇದನ್ನು ಗ್ರಂಥದಿಂದ ಮರಳಿ ಪಡೆಯುವದು ಸಾಧ್ಯವಿಲ್ಲ.

ಸುಶಿಕ್ಷಿತ ಕುಟುಂಬಗಳು ಮಾಡಬಹುದಾದ ಕಾರ್ಯವು ದೊಡ್ಡದೇನೂ ಅಲ್ಲ. ಅಟ್ಟದ ಮೇಲೆ ಧೂಳು ಹಿಡಿದ ಅಜ್ಜನ ತಂಬೂರಿಯನ್ನು ಕಟ್ಟಿಗೆಯೆಂದು ಎಸೆಯದೆ ಮಿರಜಿಗೆ ಕಳಿಸಿ ಸರಿಪಡಿಸಿಕೊಳ್ಳಬಹುದು. ಹಳೆಯ ಮನೆಯನ್ನು ಕೆಡಹುವಾಗ ತೊಲೆಗಳನ್ನು ಒಲೆಗೆ ಹಾಕುವ ಮೊದಲು, ಮರವನ್ನು ಬಲ್ಲ ಒಬ್ಬನಿಗೆ ತೋರಿಸಬಹುದು. ಗಿಡ ನೆಡುವ ಕಾರ್ಯದಲ್ಲಿ ಈ ಜಿಲ್ಲೆಯು ಹಿಂದೆ ಬಿದ್ದಿಲ್ಲ. ೨೦೧೬ರಿಂದ ನಡೆದ ಕೋಟಿ ವೃಕ್ಷ ಅಭಿಯಾನದಲ್ಲಿ ಸಾವಿರಾರು ಜನರು ಕೈಗೂಡಿಸಿದ್ದಾರೆ, ಬಬಲೇಶ್ವರ ತಾಲೂಕಿನಲ್ಲಿ ಮಹಮ್ಮದ ಆದಿಲಶಹನು ಕಟ್ಟಿಸಿದ ಮಮದಾಪುರದ ಕೆರೆಯ ಸೀಮೆಯೂ ಹಸುರಾಗುತ್ತಿದೆ. ನೀರಿನ ಅನುಕೂಲವಿದ್ದಲ್ಲಿ ಹೊನ್ನೆ, ಶಿವನಿಗಳಂಥ ವಾದ್ಯವೃಕ್ಷಗಳಿಗೂ ನಾಲ್ಕು ಗುಣಿಗಳನ್ನು ಮೀಸಲಿಟ್ಟರೆ ಆಗುವ ಹಾನಿಯಿಲ್ಲ. ಆ ಗಿಡವು ಹಲಗೆಯಾಗಲು ನಲವತ್ತು ಐವತ್ತು ವರುಷಗಳು ಬೇಕು. ಹಲಗೆಯು ಒಣಗಲು ಮತ್ತೆ ಕೆಲವು ವರುಷಗಳು ಬೇಕು. ಇಂದು ನೆಟ್ಟವನ ಮೊಮ್ಮಕ್ಕಳು ಅದನ್ನು ತಟ್ಟಿ ಕೇಳುವ ಹೊತ್ತಿಗೆ, ಆ ನಾದದ ಗುಣದೋಷಗಳನ್ನು ಅವರಿಗೆ ತಿಳಿಸಿ ಹೇಳಬಲ್ಲ ಒಬ್ಬ ಕುಶಲಿಯಾದರೂ ಈ ದಾರಿಯ ಯಾವದಾದರೊಂದು ಊರಿನಲ್ಲಿ ಉಳಿದಿರಬೇಕು.